ಗೊರಕೆ ಸುಖನಿದ್ರೆಯ ಲಕ್ಷಣವಲ್ಲ

(ಬಳ್ಳಾರಿಯ ಕಂಟೋನ್ಮೆಂಟ್‌ನಲ್ಲಿ ನಡೆದ ಹಾಲು ಉತ್ಪಾದಕರ ಆರೋಗ್ಯ ಮಾಹಿತಿ ಸಭೆಯಲ್ಲಿ ಕುರುಗೋಡು ಭಾಗದ ಹಿರಿಯ ಸದಸ್ಯರೊಬ್ಬರು ಮಾಡಿದ ಭಾಷಣದ ಬರಹ ರೂಪ. ಸದಸ್ಯರೆಲ್ಲರ ಉಪಯೋಗಕ್ಕಾಗಿ ಇಲ್ಲಿ ಪ್ರಕಟಿಸಲಾಗಿದೆ.)



ನಾನು ವೈದ್ಯನಲ್ಲ. ನಿಮ್ಮ ಹಾಗೆಯೇ ಎರಡು ಹೊತ್ತು ಸಂಘಕ್ಕೆ ಹಾಲು ಹಾಕುವವನು. ಮನೆಯಲ್ಲಿ ಮೂರು ಎಮ್ಮೆ, ಎರಡು ಮಿಶ್ರತಳಿ ಹಸುಗಳಿವೆ. ಇಂಥ ಸಭೆಗಳಲ್ಲಿ ಸಾಮಾನ್ಯವಾಗಿ ಕೆಚ್ಚಲು ಬಾವು, ಕಾಲುಬಾಯಿ ಜ್ವರ, ಖನಿಜ ಮಿಶ್ರಣದ ಬಗ್ಗೆ ತಿಳಿದವರು ಮಾತಾಡುತ್ತಾರೆ. ಇವತ್ತು ರಾಸುಗಳ ಕಾಯಿಲೆ ಬೇಡ, ರಾಸು ಸಾಕುವವರ ಕಾಯಿಲೆಯ ಬಗ್ಗೆ ಹತ್ತು ನಿಮಿಷ ಮಾತಾಡು ಎಂದು ಅಧ್ಯಕ್ಷರು ಅಪ್ಪಣೆ ಕೊಡಿಸಿದ್ದಾರೆ. ನಾನು ಹೇಳುವುದು ಗೊರಕೆಯ ವಿಷಯ. ನೀವು ನಗುತ್ತೀರಿ ಎಂದು ನನಗೆ ಗೊತ್ತು. ನಾನೂ ಹನ್ನೆರಡು ವರ್ಷ ನಕ್ಕವನೇ.

ನಮ್ಮಲ್ಲಿ ಒಬ್ಬ ಮನುಷ್ಯ ಜೋರಾಗಿ ಗೊರಕೆ ಹೊಡೆದರೆ "ಪುಣ್ಯವಂತ, ಎಂಥಾ ನಿದ್ದಿ" ಅನ್ನುತ್ತೇವೆ. ಕುಂಭಕರ್ಣ ಎಂದು ಹೆಸರಿಡುತ್ತೇವೆ. ನನ್ನ ಅಣ್ಣನಿಗೂ ಅದೇ ಹೆಸರಿತ್ತು. ಅವನ ಗೊರಕೆ ಮೂರು ಮನೆಗೆ ಕೇಳುತ್ತಿತ್ತು. ಐವತ್ತೆಂಟನೆಯ ವಯಸ್ಸಿನಲ್ಲಿ ಒಂದು ಬೆಳಗಿನ ಜಾವ ಹಾಲು ಕರೆಯಲು ಏಳಲಿಲ್ಲ. ನಿದ್ದೆಯಲ್ಲೇ ಹೋದ, ಯಾರಿಗೂ ಹೊರೆಯಾಗಲಿಲ್ಲ, ಒಳ್ಳೆಯ ಸಾವು ಎಂದು ಊರವರೆಲ್ಲ ಅಂದರು. ನಾನೂ ಅಂದೆ. ಅವನು ಯಾವ ಕಾಯಿಲೆಯಿಂದ ಹೋದ ಎಂದು ಇವತ್ತು ಹೇಳಲು ಸಾಧ್ಯವಿಲ್ಲ, ಪರೀಕ್ಷೆ ಯಾವುದೂ ಆಗಿರಲಿಲ್ಲ. ಆದರೆ ಅವನ ಗೊರಕೆ ನಡುವೆ ನಿಂತು ನಿಂತು ಬರುತ್ತಿತ್ತು ಎಂಬುದು ನನಗೆ ಚೆನ್ನಾಗಿ ನೆನಪಿದೆ. ಆ ನಿಲುಗಡೆಗೆ ಒಂದು ಹೆಸರಿದೆ, ಒಂದು ಚಿಕಿತ್ಸೆಯಿದೆ ಎಂದು ಆಗ ನಮ್ಮ ಮನೆಯಲ್ಲಿ ಯಾರಿಗೂ ತಿಳಿದಿರಲಿಲ್ಲ.

ಇದು ಏನು ಕಾಯಿಲೆ?

ವೈದ್ಯರು ಇದನ್ನು ಸ್ಲೀಪ್ ಆಪ್ನಿಯಾ ಎನ್ನುತ್ತಾರೆ. ಕನ್ನಡದಲ್ಲಿ ನಿದ್ರೆಯಲ್ಲಿ ಉಸಿರುಗಟ್ಟುವ ತೊಂದರೆ ಎನ್ನಬಹುದು. ಇದು ಹೇಗೆ ಆಗುತ್ತದೆಂದು ನನಗೆ ಅರ್ಥವಾದದ್ದು ನಮ್ಮ ಹೊಲದ ಮೋಟರಿನಿಂದ. ಕಾಲುವೆಯಿಂದ ನೀರೆತ್ತುವ ಮೋಟರಿಗೆ ನೀರು ಹೀರುವ ಕಡೆ ಮೆತ್ತನೆಯ ಪೈಪು ಹಾಕಿದರೆ ಏನಾಗುತ್ತದೆ? ಮೋಟರು ಎಳೆದ ಕೂಡಲೇ ಪೈಪು ಒಳಕ್ಕೆ ಚಪ್ಪಟೆಯಾಗಿ ಅಂಟಿಕೊಳ್ಳುತ್ತದೆ, ನೀರು ಬರುವುದಿಲ್ಲ, ಮೋಟರು ಮಾತ್ರ ಗೋಳಾಡುತ್ತದೆ. ಅದಕ್ಕೇ ಆ ಕಡೆ ಸುರುಳಿಯಿರುವ ಗಟ್ಟಿ ಪೈಪು ಹಾಕುತ್ತೇವೆ. ನಮ್ಮ ಗಂಟಲೂ ಹೀಗೆಯೇ ಒಂದು ಮೆತ್ತನೆಯ ಪೈಪು. ಎಚ್ಚರವಿರುವಾಗ ಸುತ್ತಲಿನ ಮಾಂಸಖಂಡಗಳು ಅದನ್ನು ಬಿಗಿಯಾಗಿ ತೆರೆದು ಹಿಡಿದಿರುತ್ತವೆ. ನಿದ್ದೆ ಬಂದಾಗ ಅವು ಸಡಿಲವಾಗುತ್ತವೆ. ನಾಲಿಗೆ ಹಿಂದಕ್ಕೆ ಜಾರುತ್ತದೆ. ದಾರಿ ಕಿರಿದಾದರೆ ಗೊರಕೆ ಬರುತ್ತದೆ. ದಾರಿ ಪೂರ್ತಿ ಮುಚ್ಚಿದರೆ ಗೊರಕೆಯೂ ಇಲ್ಲ, ಉಸಿರೂ ಇಲ್ಲ. ಎದೆ ಮಾತ್ರ ಎಳೆಯುತ್ತಿರುತ್ತದೆ.

ಆಗ ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ. ಮೆದುಳು ಗಾಬರಿಯಾಗಿ ಒಂದು ಕ್ಷಣ ಎಚ್ಚರಿಸುತ್ತದೆ. ಮನುಷ್ಯ ಗಕ್ಕನೆ ಉಸಿರೆಳೆದು ಮತ್ತೆ ಗೊರಕೆ ಹೊಡೆಯುತ್ತಾನೆ. ಬೆಳಗ್ಗೆ ಅವನಿಗೆ ಇದರಲ್ಲಿ ಯಾವುದೂ ನೆನಪಿರುವುದಿಲ್ಲ. ಹತ್ತು ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಹೊತ್ತಿನ ಇಂಥ ತಡೆಗಳನ್ನು ವೈದ್ಯರು ಎಣಿಸುತ್ತಾರೆ. ಗಂಟೆಗೆ 5ಕ್ಕಿಂತ ಕಡಿಮೆಯಿದ್ದರೆ ಚಿಂತೆಯಿಲ್ಲ. 5ರಿಂದ 15ರವರೆಗೆ ಇದ್ದರೆ ಸೌಮ್ಯ, 15ರಿಂದ 30ರವರೆಗೆ ಮಧ್ಯಮ, 30 ದಾಟಿದರೆ ತೀವ್ರ. ನನಗೆ ಬಂದದ್ದು 42. ಅಂದರೆ ಒಂದೂವರೆ ನಿಮಿಷಕ್ಕೊಮ್ಮೆ ಯಾರೋ ಗಂಟಲು ಹಿಡಿದು ಬಿಟ್ಟ ಹಾಗೆ. ಎಂಟು ಗಂಟೆ ಮಲಗಿ ಎದ್ದರೂ ನನಗೆ ನಿದ್ದೆಯೇ ಆಗಿರಲಿಲ್ಲ ಎಂದಾಯಿತು.

ಇದು ಅಪರೂಪದ ಕಾಯಿಲೆಯಲ್ಲ. ದೆಹಲಿಯ ಏಮ್ಸ್‌ನ ತಜ್ಞರು ನಮ್ಮ ದೇಶದಲ್ಲಿ ನಡೆದ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2023ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, ವಯಸ್ಕರಲ್ಲಿ ನೂರಕ್ಕೆ ಸುಮಾರು 11 ಮಂದಿಗೆ ಇದು ಇದೆ. ಹಿಂದಿ ಚಿತ್ರಗಳ ಸಂಗೀತ ನಿರ್ದೇಶಕ ಬಪ್ಪಿ ಲಹರಿಯವರು 2022ರ ಫೆಬ್ರವರಿಯಲ್ಲಿ ಮುಂಬಯಿಯಲ್ಲಿ ತೀರಿಕೊಂಡಾಗ ವೈದ್ಯರು ಇದೇ ಕಾಯಿಲೆಯ ಹೆಸರು ಹೇಳಿದ್ದು ಪತ್ರಿಕೆಗಳಲ್ಲಿ ಬಂದಿತ್ತು. ದೊಡ್ಡ ಪಟ್ಟಣದ ಶ್ರೀಮಂತರ ಕಾಯಿಲೆ ಎಂದು ನಾನೂ ಆಗ ಪತ್ರಿಕೆ ಮಡಿಸಿಟ್ಟಿದ್ದೆ.

ನನಗೆ ಗೊತ್ತಾದ ಬಗೆ

ನಾವು ಬೆಳಗಿನ ಜಾವ ನಾಲ್ಕಕ್ಕೆ ಏಳುವವರು. ಹಗಲು ತೂಕಡಿಸಿದರೆ "ಬೇಗ ಎದ್ದಿದ್ದಕ್ಕೆ" ಎನ್ನುತ್ತೇವೆ. ಹಾಗಾಗಿ ಹೈನುಗಾರರ ಮನೆಯಲ್ಲಿ ಈ ಕಾಯಿಲೆ ಸುಲಭವಾಗಿ ಅಡಗಿ ಕೂರುತ್ತದೆ. ನನಗೆ ಬೆಳಗ್ಗೆ ಎದ್ದ ಕೂಡಲೇ ತಲೆನೋವು, ಬಾಯಿ ಒಣಗುವುದು, ರಾತ್ರಿ ಮೂರು ನಾಲ್ಕು ಸಲ ಮೂತ್ರಕ್ಕೆ ಏಳುವುದು ಇತ್ತು. ಸಿಟ್ಟು ಹೆಚ್ಚಾಗಿತ್ತು. ಸಂಘದಲ್ಲಿ ಫ್ಯಾಟ್ ಚೀಟಿ ನೋಡುತ್ತಾ ಕುರ್ಚಿಯಲ್ಲೇ ನಿದ್ದೆ ಹೋಗುತ್ತಿದ್ದೆ. ರಕ್ತದೊತ್ತಡಕ್ಕೆ ಎರಡು ಮಾತ್ರೆ ನುಂಗಿದರೂ ಹತೋಟಿಗೆ ಬರುತ್ತಿರಲಿಲ್ಲ. ಒಬ್ಬರು ರಕ್ತ ಕಡಿಮೆ ಎಂದರು, ಇನ್ನೊಬ್ಬರು ವಯಸ್ಸು ಎಂದರು. ಟಾನಿಕ್ಕು ಕುಡಿದೆ. ಗೊರಕೆಯ ಬಗ್ಗೆ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಒಂದು ಸಂಜೆ ಮೇವು ಕತ್ತರಿಸುವ ಯಂತ್ರಕ್ಕೆ ಜೋಳದ ಸೊಪ್ಪೆ ಕೊಡುತ್ತಾ ನಿಂತವನು ನಿಂತಲ್ಲೇ ತೂಕಡಿಸಿದೆ. ಕೈ ಸೊಪ್ಪೆಯ ಜೊತೆ ಮುಂದಕ್ಕೆ ಹೋಗುತ್ತಿತ್ತು. ನನ್ನ ಮನೆಯಾಕೆ ಕೂಗಿ ಸ್ವಿಚ್ಚು ಆರಿಸಿದಳು. ಬೆರಳ ತುದಿಯ ಚರ್ಮ ಮಾತ್ರ ಹೋಯಿತು. ಆ ರಾತ್ರಿ ಅವಳು ಇಷ್ಟು ದಿನ ಹೇಳದ ಮಾತು ಹೇಳಿದಳು. "ಏನ್ರೀ, ನೀವು ಮಲಗಿದ ಮ್ಯಾಲೆ ನಾನು ಮಲಗಂಗಿಲ್ಲ. ಉಸಿರು ನಿಂತ್ರೆ ಬೆರಳು ಮಡಚಿ ಎಣಿಸ್ತೀನಿ. ಇಪ್ಪತ್ತು ದಾಟಿದ್ರೆ ಬುಜ ತಟ್ಟಿ ಎಬ್ಬಿಸ್ತೀನಿ." ಎಷ್ಟು ದಿನದಿಂದ ಎಂದು ಕೇಳಿದೆ. "ನಿಮ್ಮಣ್ಣ ಹೋದಾಗಿಂದ" ಎಂದಳು. ನಾಲ್ಕು ವರ್ಷ ಅವಳು ನನ್ನ ಉಸಿರು ಕಾದಿದ್ದಳು. ಆಕೆ ಇವತ್ತು ಈ ಸಭೆಯಲ್ಲಿ ಮಹಿಳಾ ಸಂಘದವರ ಜೊತೆ ಕೂತಿದ್ದಾಳೆ. ಈ ಮಾತು ಸಭೆಯಲ್ಲಿ ಹೇಳಲು ಅವಳ ಒಪ್ಪಿಗೆ ಕೇಳಿಯೇ ಬಂದಿದ್ದೇನೆ.

ಆದ್ದರಿಂದ ಬಂಧುಗಳೇ, ಈ ಕಾಯಿಲೆಯನ್ನು ಕಾಯಿಲೆಯವನು ತಾನಾಗಿ ಕಂಡುಹಿಡಿಯಲಾರ. ಪಕ್ಕದಲ್ಲಿ ಮಲಗುವವರು ಹೇಳಬೇಕು. ತಾಯಂದಿರೇ, ನಿಮ್ಮ ಯಜಮಾನರು ಸಿಟ್ಟಾದರೂ ಹೇಳಿ. ಈಗ ಮಕ್ಕಳ ಕೈಯಲ್ಲಿ ಮೊಬೈಲು ಇದೆ. ಎರಡು ನಿಮಿಷ ಮುದ್ರಿಸಿಕೊಂಡು ವೈದ್ಯರಿಗೆ ತೋರಿಸಿದರೆ ಅರ್ಧ ಕೆಲಸ ಆದಂತೆ.

ಯಾರು ಪರೀಕ್ಷೆ ಮಾಡಿಸಿಕೊಳ್ಳಬೇಕು?

ಕೆನಡಾದ ಟೊರಾಂಟೊದ ವೈದ್ಯರು 2008ರಲ್ಲಿ ಎಂಟು ಪ್ರಶ್ನೆಗಳ ಒಂದು ಪಟ್ಟಿ ಪ್ರಕಟಿಸಿದರು. ಇವತ್ತಿಗೂ ವೈದ್ಯರು ಅದನ್ನು ಬಳಸುತ್ತಾರೆ. ನಾನು ಕನ್ನಡದಲ್ಲಿ ಹೇಳುತ್ತೇನೆ, ಮನಸ್ಸಿನಲ್ಲೇ ಬೆರಳು ಮಡಚಿ.

ಮುಚ್ಚಿದ ಬಾಗಿಲಾಚೆಗೂ ಕೇಳುವಂಥ ಗೊರಕೆಯಿದೆಯೇ? ಹಗಲು ಸುಸ್ತು, ತೂಕಡಿಕೆ ಇದೆಯೇ? ನಿದ್ದೆಯಲ್ಲಿ ಉಸಿರು ನಿಂತದ್ದನ್ನು ಯಾರಾದರೂ ನೋಡಿದ್ದಾರೆಯೇ? ರಕ್ತದೊತ್ತಡವಿದೆಯೇ? ಎತ್ತರಕ್ಕೆ ಮೀರಿದ ತೂಕವಿದೆಯೇ? ವಯಸ್ಸು ಐವತ್ತು ದಾಟಿದೆಯೇ? ಕುತ್ತಿಗೆಯ ಸುತ್ತಳತೆ 40 ಸೆಂಟಿಮೀಟರಿಗಿಂತ ಹೆಚ್ಚೇ? ಗಂಡಸೇ? ಇವುಗಳಲ್ಲಿ ಮೂರಕ್ಕೆ ಹೌದು ಎಂದರೆ ವೈದ್ಯರ ಬಳಿ ಮಾತಾಡಬೇಕು. ಐದಕ್ಕೆ ಹೌದು ಎಂದರೆ ತಡ ಮಾಡಬಾರದು.

ಗಂಡಸೇ ಎಂಬ ಪ್ರಶ್ನೆ ಇದೆ ಎಂದು ತಾಯಂದಿರು ನಿಶ್ಚಿಂತೆಯಿಂದ ಇರಬೇಡಿ. ಮುಟ್ಟು ನಿಂತ ಮೇಲೆ ಹೆಂಗಸರಲ್ಲೂ ಇದು ಹೆಚ್ಚುತ್ತದೆ. ಅವರಲ್ಲಿ ಗೊರಕೆಗಿಂತ ಸುಸ್ತು, ತಲೆನೋವು, ನಿದ್ದೆ ಹತ್ತದಿರುವುದು ಮುಂದೆ ಕಾಣುವುದರಿಂದ ಎಷ್ಟೋ ಸಲ ಗುರುತೇ ಸಿಗುವುದಿಲ್ಲ. ಸಣಕಲು ಮೈಯವರಿಗೂ, ಗದ್ದ ಹಿಂದಕ್ಕಿರುವವರಿಗೂ ಬರಬಹುದು. ಮಕ್ಕಳು ಬಾಯಿ ತೆರೆದು ಗೊರಕೆ ಹೊಡೆದರೆ ಟಾನ್ಸಿಲ್ ಅಥವಾ ಮೂಗಿನ ಹಿಂದಿನ ಗಡ್ಡೆ ದೊಡ್ಡದಾಗಿರಬಹುದು. ಅದನ್ನು ಕಿವಿ, ಮೂಗು, ಗಂಟಲು ವೈದ್ಯರಿಗೆ ತೋರಿಸಬೇಕು.

ಎಲ್ಲಿಗೆ ಹೋಗಬೇಕು ಎಂದು ಕೇಳುತ್ತೀರಿ. ನಾವು ಕೂತಿರುವ ಈ ಕಂಟೋನ್ಮೆಂಟ್‌ನಲ್ಲೇ 1961ರಲ್ಲಿ ಶುರುವಾದ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದೆ. ನಾವೆಲ್ಲ ವಿಮ್ಸ್ ಎಂದು ಕರೆದು ರೂಢಿಯಾದ ಆಸ್ಪತ್ರೆ ಅದೇ. ಅಲ್ಲಿ ಶ್ವಾಸಕೋಶದ ವೈದ್ಯರನ್ನೋ ಕಿವಿ, ಮೂಗು, ಗಂಟಲು ವೈದ್ಯರನ್ನೋ ಕಂಡು ಗೊರಕೆಯ ಮಾತು ಮೊದಲು ಹೇಳಿ. ಪರೀಕ್ಷೆ ಬೇಕೇ, ಎಲ್ಲಿ ಮಾಡಿಸಬೇಕು ಎಂದು ಅವರೇ ದಾರಿ ತೋರಿಸುತ್ತಾರೆ. ಕಠಿಣವಾದ ತೊಂದರೆಗಳಿಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನಿದ್ರೆಯ ಕಾಯಿಲೆಗಳ ಚಿಕಿತ್ಸೆಯೂ ಸಂಶೋಧನೆಯೂ ನಡೆಯುತ್ತವೆ. ಪರೀಕ್ಷೆಯಲ್ಲಿ ನೋವಿಲ್ಲ. ಒಂದು ರಾತ್ರಿ ಬೆರಳಿಗೆ, ಎದೆಗೆ, ಮೂಗಿಗೆ ಸಣ್ಣ ಸಾಧನಗಳನ್ನು ಕಟ್ಟಿಕೊಂಡು ಮಲಗುವುದು, ಅಷ್ಟೇ. ಕೆಲವರಿಗೆ ಇದನ್ನು ಮನೆಯಲ್ಲೇ ಮಾಡಬಹುದು. ನನಗೆ ಮನೆಯಲ್ಲೇ ಆಯಿತು.

ಗಾಳಿಯ ಯಂತ್ರ

ಸಿಡ್ನಿಯ ವೈದ್ಯ ಕಾಲಿನ್ ಸಲಿವನ್ ಅವರು ಮೂಗಿನ ಮೂಲಕ ಹದವಾದ ಒತ್ತಡದಲ್ಲಿ ಗಾಳಿ ಕೊಟ್ಟು ಗಂಟಲು ಮುಚ್ಚದಂತೆ ಹಿಡಿಯಬಹುದೆಂದು ಐದು ರೋಗಿಗಳಲ್ಲಿ ತೋರಿಸಿ 1981ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದರು. ಅದಕ್ಕೆ ಮೊದಲು ತೀವ್ರವಾಗಿದ್ದವರಿಗೆ ಕುತ್ತಿಗೆಯಲ್ಲಿ ತೂತು ಮಾಡಿ ಉಸಿರಾಡಿಸುವುದೇ ಮುಖ್ಯ ದಾರಿಯಾಗಿತ್ತು. ಈ ಯಂತ್ರಕ್ಕೆ ಸಿಪ್ಯಾಪ್ ಎನ್ನುತ್ತಾರೆ. ನಮ್ಮ ಹಾಲು ಕರೆಯುವ ಯಂತ್ರ ಗಾಳಿಯನ್ನು ಎಳೆಯುತ್ತದೆ, ಇದು ಗಾಳಿಯನ್ನು ಊದುತ್ತದೆ. ಒತ್ತಡ ಬಹಳ ಕಡಿಮೆ. ಅದನ್ನು ನೀರಿನ ಎತ್ತರದಲ್ಲಿ ಅಳೆಯುತ್ತಾರೆ, 4ರಿಂದ 20 ಸೆಂಟಿಮೀಟರ್ ನೀರಿನಷ್ಟು. ಯಾರಿಗೆ ಎಷ್ಟು ಎಂದು ವೈದ್ಯರು ಗೊತ್ತುಮಾಡುತ್ತಾರೆ. ಅದನ್ನು ನಾವಾಗಿ ತಿರುಗಿಸಬಾರದು.

ಬೆಲೆಯ ವಿಷಯ ಮುಚ್ಚಿಡುವುದಿಲ್ಲ. ಸಾಮಾನ್ಯ ಯಂತ್ರಕ್ಕೆ ಮೂವತ್ತು ಸಾವಿರದಿಂದ ಐವತ್ತು ಸಾವಿರ ಹಿಡಿಯುತ್ತದೆ. ಒಂದು ಸಾಧಾರಣ ಕರೆಯುವ ಹಸುವಿನ ಬೆಲೆ ಎನ್ನಿ. ನಾನು ಒಂದು ಎಮ್ಮೆ ಮಾರಿದೆ. ಕೊಳ್ಳುವ ಮೊದಲು ಕೆಲವು ದಿನ ಬಾಡಿಗೆಗೆ ತಂದು ನೋಡಿ, ಹಲವು ಕಡೆ ಸಿಗುತ್ತದೆ. ಯಶಸ್ವಿನಿ ಕಾರ್ಡು ಇರುವವರು ಯಾವ ಚಿಕಿತ್ಸೆ ಪಟ್ಟಿಯಲ್ಲಿದೆ ಎಂದು ಸಂಘದ ಕಾರ್ಯದರ್ಶಿಯನ್ನು ಕೇಳಿ ತಿಳಿದೇ ಮುಂದುವರಿಯಿರಿ. ಹಳೆಯ ಯಂತ್ರ ಅಗ್ಗಕ್ಕೆ ಸಿಗುತ್ತದೆಂದು ಕೊಳ್ಳುವವರು ಎಚ್ಚರದಿಂದಿರಿ. 2021ರ ಜೂನಿನಲ್ಲಿ ಫಿಲಿಪ್ಸ್ ಕಂಪನಿ ತನ್ನ ಹಲವು ಮಾದರಿಗಳ ಒಳಗಿನ ಸ್ಪಂಜು ಪುಡಿಯಾಗಿ ಉಸಿರಿನೊಳಗೆ ಹೋಗಬಹುದೆಂದು ಅವುಗಳನ್ನು ಹಿಂದಕ್ಕೆ ಕರೆಸಿಕೊಂಡಿತು. ಮಾದರಿಯ ಹೆಸರು, ತಯಾರಾದ ವರ್ಷ ನೋಡದೆ ಕೊಳ್ಳಬೇಡಿ.

ಇನ್ನೊಂದು ತಪ್ಪು ತಿಳಿವಳಿಕೆ. ಕೊರೋನಾ ಕಾಲದಲ್ಲಿ ಕೆಲವರು ಆಮ್ಲಜನಕದ ಕಾನ್ಸಂಟ್ರೇಟರ್ ಕೊಂಡರು. ಅದು ಮನೆಯಲ್ಲಿದೆಯಲ್ಲ, ಸಿಪ್ಯಾಪ್ ಬದಲು ಅದನ್ನೇ ಹಾಕಿಕೊಳ್ಳೋಣ ಎನ್ನಬೇಡಿ. ಆಮ್ಲಜನಕ ಮುಚ್ಚಿದ ಗಂಟಲನ್ನು ತೆರೆಯುವುದಿಲ್ಲ. ಪೈಪು ಚಪ್ಪಟೆಯಾಗಿರುವಾಗ ಕಾಲುವೆಯಲ್ಲಿ ನೀರು ಎಷ್ಟಿದ್ದರೇನು?

ಮನೆಯಲ್ಲಿ ನಡೆಸಿಕೊಳ್ಳುವ ಕ್ರಮ

ಮೊದಲ ವಾರ ನಾನು ಮಾಸ್ಕನ್ನು ಮೂರು ಸಲ ಕಿತ್ತೆಸೆದೆ. ದನಕ್ಕೆ ಮೂಗುದಾಣ ಹಾಕಿದ ಹಾಗೆ ಅನ್ನಿಸಿತು. ಆಗ ನನ್ನ ಮಗ "ಅಪ್ಪಾ, ಹೊಸ ಪಡ್ಡೆಗೆ ಹಾಲು ಕರೆಯುವ ಯಂತ್ರ ರೂಢಿ ಮಾಡಿಸಿದಂಗೆ ಮಾಡು" ಎಂದ. ಅದು ಸರಿಯಾದ ಮಾತು. ಪಡ್ಡೆಗೆ ಮೊದಲು ಯಂತ್ರದ ಸದ್ದು ಕೇಳಿಸುತ್ತೇವೆ, ಆಮೇಲೆ ಮುಟ್ಟಿಸುತ್ತೇವೆ, ಆಮೇಲೆ ಹಾಕುತ್ತೇವೆ. ನಾನೂ ಹಗಲು ಅರ್ಧ ಗಂಟೆ ಕೂತು, ಎಚ್ಚರವಿದ್ದು ಹಾಕಿಕೊಂಡು ರೂಢಿ ಮಾಡಿದೆ. ಹದಿನೈದು ದಿನಕ್ಕೆ ಒಗ್ಗಿತು.

ಮಾಸ್ಕು ಮುಖಕ್ಕೆ ಸರಿಯಾಗಿ ಕೂರಬೇಕು. ಹಾಲು ಕರೆಯುವ ಯಂತ್ರದ ಕಪ್ಪು ಮೊಲೆಗೆ ಸರಿಯಾಗಿ ಕೂರದಿದ್ದರೆ ಸುಂಯ್ ಎಂದು ಗಾಳಿ ಸೋರುವುದಿಲ್ಲವೇ, ಇಲ್ಲೂ ಹಾಗೆಯೇ. ಸೋರಿದರೆ ಕಣ್ಣು ಉರಿಯುತ್ತದೆ, ಬಾಯಿ ಒಣಗುತ್ತದೆ. ಆದರೆ ಪಟ್ಟಿ ಬಿಗಿದು ಬಿಗಿದು ಮೂಗಿನ ಮೇಲೆ ಹುಣ್ಣು ಮಾಡಿಕೊಳ್ಳಬೇಡಿ. ಅಳತೆ ಬದಲಿಸಿ. ಮೂಗು ಕಟ್ಟಿದ್ದರೆ ಮೊದಲು ಅದಕ್ಕೆ ಚಿಕಿತ್ಸೆ ಮಾಡಿಸಿ.

ಸ್ವಚ್ಛತೆ ನಮಗೆ ಯಾರೂ ಕಲಿಸಬೇಕಾಗಿಲ್ಲ. ಕ್ಯಾನು ತೊಳೆಯದೆ ಹಾಲು ಹಾಕುವವರು ಇಲ್ಲಿ ಯಾರೂ ಇಲ್ಲ. ಮುಖಕ್ಕೆ ತಾಗುವ ಮೆತ್ತೆಯನ್ನು ದಿನಾ ಬೆಳಗ್ಗೆ ಮೆದು ಸಾಬೂನಿನ ನೀರಿನಲ್ಲಿ ತೊಳೆದು ನೆರಳಲ್ಲಿ ಆರಿಸಿ. ಕೊಳವೆಯನ್ನು ವಾರಕ್ಕೊಮ್ಮೆ ತೊಳೆಯಿರಿ. ಆದರೆ ಕ್ಯಾನು ತೊಳೆಯುವ ಸೋಡಾ, ಬ್ಲೀಚಿಂಗ್ ದ್ರಾವಣ, ಮೊಲೆ ಅದ್ದುವ ಅಯೋಡಿನ್ ಇವನ್ನು ಅದರ ಹತ್ತಿರಕ್ಕೂ ತರಬೇಡಿ. ಆ ವಾಸನೆಯನ್ನು ನೀವೇ ರಾತ್ರಿಯಿಡೀ ಉಸಿರಾಡಬೇಕಾಗುತ್ತದೆ. ನೀರಿನ ಡಬ್ಬಿಯಿರುವ ಯಂತ್ರಕ್ಕೆ ಡಿಸ್ಟಿಲ್ಡ್ ನೀರನ್ನೇ ಹಾಕಿ, ದಿನಾ ಬದಲಿಸಿ. ಬೋರಿನ ನೀರು ಹಾಕಿದರೆ ಬಿಳಿ ಪೊರೆ ಕಟ್ಟುತ್ತದೆ.

ನಮ್ಮ ಜಿಲ್ಲೆಯ ಧೂಳು ನಿಮಗೆ ಗೊತ್ತು. ಒಂದು ಕಡೆ ಅದಿರಿನ ಲಾರಿ, ಇನ್ನೊಂದು ಕಡೆ ಸಿರುಗುಪ್ಪದ ಭತ್ತದ ಒಕ್ಕಣೆ. ಯಂತ್ರದ ಫಿಲ್ಟರನ್ನು ವಾರಕ್ಕೊಮ್ಮೆ ತೆಗೆದು ನೋಡಿ. ತೊಳೆಯುವಂಥದ್ದಾದರೆ ತೊಳೆಯಿರಿ, ಬಿಸಾಡುವಂಥದ್ದಾದರೆ ತಿಂಗಳಿಗೊಮ್ಮೆ ಬದಲಿಸಿ. ಯಂತ್ರವನ್ನು ಕೊಟ್ಟಿಗೆಯ ಗೋಡೆಗೆ ಒತ್ತಿ ಇಡಬೇಡಿ. ಸೊಳ್ಳೆ ಬತ್ತಿ, ಊದುಬತ್ತಿಯ ಹೊಗೆ ಅದರ ಬಾಯಿಗೆ ಹೋಗದಂತೆ ನೋಡಿಕೊಳ್ಳಿ. ಸೊಳ್ಳೆಗೆ ಪರದೆಯೇ ಒಳ್ಳೆಯದು.

ಕರೆಂಟು ಹೋದರೆ ಏನು ಗತಿ ಎಂದು ಎಲ್ಲರೂ ಕೇಳುತ್ತಾರೆ. ಉಸಿರು ಕಟ್ಟುವುದಿಲ್ಲ, ಭಯ ಬೇಡ. ಮಾಸ್ಕಿನಲ್ಲಿ ಗಾಳಿ ಹೋಗಲು ತೂತುಗಳಿರುತ್ತವೆ, ನಿಮಗೆ ಎಚ್ಚರವಾಗುತ್ತದೆ, ತೆಗೆದಿಡಬೇಕು. ನೀರಿನ ಡಬ್ಬಿಯ ಹೀಟರು ಆರಿಸಿದರೆ ಯಂತ್ರ ತಿನ್ನುವುದು ಹೆಚ್ಚುಕಡಿಮೆ ಒಂದು ಫ್ಯಾನಿನಷ್ಟು ಕರೆಂಟು. ಮನೆಯ ಇನ್ವರ್ಟರ್ ಸಾಲುತ್ತದೆ. ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಮಲಗುವವರು ಒಂದು ವಯರು ಮೇಲಕ್ಕೆ ಎಳೆಸಿಕೊಳ್ಳಿ. ನಾನು ಹಾಗೆಯೇ ಮಾಡಿದ್ದೇನೆ.

ಯಂತ್ರವಿಲ್ಲದೆಯೂ ಮಾಡಬೇಕಾದದ್ದು

ಸೌಮ್ಯವಾಗಿರುವವರಿಗೆ ಯಂತ್ರವೇ ಬೇಕಾಗದಿರಬಹುದು. ಯಂತ್ರ ಇರುವವರಿಗೂ ಈ ಮಾತುಗಳು ಬೇಕು.

ಮಗ್ಗುಲಾಗಿ ಮಲಗಿ. ಹಾಲು ಜ್ವರ ಬಂದು ಬಿದ್ದ ಹಸು ಕಾಲು ಚಾಚಿ ಮಲಗಲು ನಾವು ಬಿಡುವುದಿಲ್ಲ. ಎದೆಯ ಮೇಲೆ ಕೂರಿಸಿ ಹುಲ್ಲಿನ ಹೊರೆ ಒತ್ತು ಕೊಡುತ್ತೇವೆ. ಮನುಷ್ಯ ಅಂಗಾತ ಮಲಗಿದರೆ ನಾಲಿಗೆ ಗಂಟಲಿಗೆ ಬೀಳುತ್ತದೆ. ಬನಿಯನ್ನಿನ ಬೆನ್ನಿಗೆ ಒಂದು ಬಟ್ಟೆಯ ಚೆಂಡು ಹೊಲಿದುಕೊಂಡರೆ ಅಂಗಾತ ತಿರುಗಿದಾಗ ಒತ್ತಿ ಮತ್ತೆ ಮಗ್ಗುಲಾಗಿಸುತ್ತದೆ. ಮಂಚದ ತಲೆಯ ಕಡೆಯ ಕಾಲುಗಳಿಗೆ ಒಂದೊಂದು ಇಟ್ಟಿಗೆ ಇಟ್ಟು ಎತ್ತರಿಸಿದರೂ ಕೆಲವರಿಗೆ ಅನುಕೂಲ.

ತೂಕ ಇಳಿಸಿ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಸುಮಾರು ಏಳುನೂರು ಜನರನ್ನು ನಾಲ್ಕು ವರ್ಷ ಗಮನಿಸಿ 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತೂಕ ನೂರಕ್ಕೆ ಹತ್ತರಷ್ಟು ಏರಿದರೆ ಉಸಿರಿನ ತಡೆಗಳು ಸುಮಾರು 32ರಷ್ಟು ಹೆಚ್ಚುತ್ತವೆ, ಅಷ್ಟೇ ಇಳಿದರೆ ಸುಮಾರು 26ರಷ್ಟು ಕಡಿಮೆಯಾಗುತ್ತವೆ ಎಂದು ಕಂಡುಬಂತು. ಎಂಬತ್ತು ಕಿಲೋ ಇರುವವರು ಎಂಟು ಕಿಲೋ ಇಳಿದರೆ ಇಷ್ಟು ಲಾಭ. ಸಂಜೆಯ ವಗ್ಗರಣಿ ಮಿರ್ಚಿ ವಾರಕ್ಕೆ ಒಂದು ದಿನ ಸಾಕು. ರಾತ್ರಿಯ ಊಟ ಮಲಗುವುದಕ್ಕೆ ಎರಡು ಮೂರು ಗಂಟೆ ಮೊದಲೇ ಮುಗಿಯಲಿ.

ಕುಡಿತ ಬೇಡ. ಮದ್ಯ ಗಂಟಲಿನ ಮಾಂಸಖಂಡಗಳನ್ನು ಇನ್ನಷ್ಟು ಸಡಿಲಿಸುತ್ತದೆ. ಮೈಕೈ ನೋವಿಗೆ ಒಂದು ಗುಟುಕು ಎನ್ನುವವರೂ ಕೇಳಿಸಿಕೊಳ್ಳಿ. ನಿದ್ದೆ ಬರುತ್ತಿಲ್ಲ ಎಂದು ಅಂಗಡಿಯಿಂದ ನಿದ್ದೆ ಮಾತ್ರೆ ತಂದು ನುಂಗುವುದು ಅದಕ್ಕಿಂತ ಅಪಾಯ. ಬೀಡಿಯೂ ಬೇಡ. ಯಾವುದೇ ಶಸ್ತ್ರಚಿಕಿತ್ಸೆಗೆ ಹೋದರೆ ಅರಿವಳಿಕೆ ಕೊಡುವ ವೈದ್ಯರಿಗೆ ಈ ಕಾಯಿಲೆಯಿದೆ ಎಂದು ಮೊದಲೇ ಹೇಳಿ, ಯಂತ್ರವನ್ನು ಜೊತೆಗೆ ಒಯ್ಯಿರಿ.

ಸೌಮ್ಯ ಮತ್ತು ಮಧ್ಯಮ ಹಂತದವರಿಗೆ ಕೆಳದವಡೆಯನ್ನು ಮುಂದಕ್ಕೆ ಹಿಡಿಯುವ ಸಾಧನವನ್ನು ದಂತವೈದ್ಯರು ಅಳತೆ ತೆಗೆದು ಮಾಡಿಕೊಡುತ್ತಾರೆ. ಅಮೆರಿಕದಲ್ಲಿ 2024ರ ಡಿಸೆಂಬರಿನಲ್ಲಿ, ಬೊಜ್ಜಿರುವವರ ಈ ಕಾಯಿಲೆಗೆಂದು ತೂಕ ಇಳಿಸುವ ಒಂದು ಚುಚ್ಚುಮದ್ದಿಗೆ ಅನುಮತಿ ಸಿಕ್ಕಿದೆ. ಅದು ವೈದ್ಯರು ನೋಡಿ ಕೊಡಬೇಕಾದ ಮದ್ದು, ಅಂಗಡಿಯಲ್ಲಿ ಕೇಳಿ ತರುವಂಥದ್ದಲ್ಲ.

ಮುಖ್ಯವಾಗಿ ಇನ್ನೊಂದು. ಚಿಕಿತ್ಸೆ ಹತ್ತುವವರೆಗೆ ತೂಕಡಿಕೆಯಿರುವವರು ಟ್ರಾಕ್ಟರು, ಹಾಲಿನ ಗಾಡಿ, ಬೈಕು ಓಡಿಸಬೇಡಿ, ಮೇವು ಕತ್ತರಿಸುವ ಯಂತ್ರದ ಮುಂದೆ ನಿಲ್ಲಬೇಡಿ. ಟ್ಯಾಂಕರು ಓಡಿಸುವ ನಮ್ಮ ಹುಡುಗರಿಗೂ ಈ ಮಾತು ತಲುಪಿಸಿ. ಮುಖಕ್ಕೆ ನೀರು ಎರಚಿಕೊಂಡರೆ, ಚಹಾ ಕುಡಿದರೆ ಈ ನಿದ್ದೆ ಹೋಗುವುದಿಲ್ಲ.

ಎರಡು ಹೊತ್ತಿನ ಪಾಠ

ಈಗ ನಾನು ಹೇಳಬೇಕೆಂದು ಬಂದ ಮಾತು. ಈ ಯಂತ್ರ ಕಾಯಿಲೆಯನ್ನು ವಾಸಿ ಮಾಡುವುದಿಲ್ಲ. ಹಾಕಿದ ರಾತ್ರಿ ಗಂಟಲು ತೆರೆದಿರುತ್ತದೆ, ಹಾಕದ ರಾತ್ರಿ ಮುಚ್ಚುತ್ತದೆ. ನಿನ್ನೆ ಹಾಕಿದ್ದೆನಲ್ಲ ಎಂದರೆ ಇವತ್ತಿಗೆ ಬರುವುದಿಲ್ಲ. ಎಷ್ಟೋ ಜನ ಹಣ ಕೊಟ್ಟು ತಂದು ಎರಡು ತಿಂಗಳಿಗೆ ಅಟ್ಟದ ಮೇಲೆ ಇಡುತ್ತಾರೆ. ಹಲವು ದೇಶಗಳ 2,717 ಹೃದ್ರೋಗ, ಪಾರ್ಶ್ವವಾಯು ರೋಗಿಗಳ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ ಸಿಪ್ಯಾಪ್ ಕೊಟ್ಟವರಿಗೆ ಹಗಲಿನ ತೂಕಡಿಕೆ ಕಡಿಮೆಯಾಯಿತು, ಮನಸ್ಸು ಹಗುರವಾಯಿತು. ಆದರೆ ಹೃದಯಾಘಾತ, ಪಾರ್ಶ್ವವಾಯು ಕಡಿಮೆಯಾದದ್ದು ಕಾಣಲಿಲ್ಲ. ಅವರು ಯಂತ್ರ ಹಾಕಿಕೊಂಡದ್ದು ರಾತ್ರಿಗೆ ಸರಾಸರಿ 3.3 ಗಂಟೆ ಮಾತ್ರ. ಹೆಚ್ಚು ಹೊತ್ತು ಹಾಕಿದ್ದರೆ ಪೂರ್ತಿ ರಕ್ಷಣೆ ಸಿಗುತ್ತಿತ್ತೆಂದು ಖಾತ್ರಿ ಕೊಡಲು ಬರುವುದಿಲ್ಲ. ಆದ್ದರಿಂದ ರಕ್ತದೊತ್ತಡದ ಮಾತ್ರೆ, ಸಕ್ಕರೆ ಕಾಯಿಲೆಯ ಮಾತ್ರೆ ಬಿಡಬಾರದು. ಆದರೆ ಅರ್ಧ ರಾತ್ರಿ ಹಾಕಿ ಕಿತ್ತಿಟ್ಟರೆ ಉಳಿದ ಅರ್ಧ ರಾತ್ರಿ ಉಸಿರು ಕಟ್ಟುತ್ತಲೇ ಇರುತ್ತದೆ ಎಂಬುದು ಖಾತ್ರಿ.

ಹಾಗಾದರೆ ದಿನಾ ತಪ್ಪದೆ ಮಾಡುವ ಈ ಕೆಲಸ ಯಾರಿಂದ ಆದೀತು? ಬಂಧುಗಳೇ, ಅದು ನಮ್ಮಿಂದ ಆಗುತ್ತದೆ. ಹಬ್ಬವಿರಲಿ, ಮನೆಯಲ್ಲಿ ಮದುವೆಯಿರಲಿ, ಸಾವಿರಲಿ, ಎರಡು ಹೊತ್ತು ಹಾಲು ಕರೆಯುವುದನ್ನು ನಾವು ಬಿಟ್ಟಿದ್ದೇವೆಯೇ? ಒಂದು ಹೊತ್ತು ಬಿಟ್ಟರೆ ಕೆಚ್ಚಲು ಏನಾಗುತ್ತದೆಂದು ನಮಗೆ ಗೊತ್ತು. ಇವತ್ತು ಬಿಟ್ಟು ನಾಳೆ ಎರಡರಷ್ಟು ಕರೆಯುತ್ತೇನೆ ಎಂದು ಯಾರೂ ಅನ್ನುವುದಿಲ್ಲ. ರಾಸಿಗೆ ತೋರಿಸುವ ಆ ನಿಷ್ಠೆಯನ್ನು ನಮ್ಮ ಉಸಿರಿಗೂ ತೋರಿಸಬೇಕು, ಅಷ್ಟೇ. ಗೋಡೆಯ ಮೇಲೆ ಹಾಲಿನ ಲೆಕ್ಕ ಬರೆಯುವ ಪಕ್ಕದಲ್ಲೇ ನಾನು ರಾತ್ರಿ ಎಷ್ಟು ಗಂಟೆ ಹಾಕಿದೆ ಎಂದು ಬರೆಯುತ್ತೇನೆ. ಯಂತ್ರವೇ ಆ ಲೆಕ್ಕ ತೋರಿಸುತ್ತದೆ. ರಾತ್ರಿಗೆ ನಾಲ್ಕು ಗಂಟೆ, ವಾರಕ್ಕೆ ಐದು ರಾತ್ರಿ ಎಂಬುದನ್ನು ಸಾಮಾನ್ಯವಾಗಿ ಕನಿಷ್ಠ ಲೆಕ್ಕವಾಗಿ ಹಿಡಿಯುತ್ತಾರೆ. ನಾವು ಕನಿಷ್ಠಕ್ಕೆ ನಿಲ್ಲುವವರಲ್ಲ. ರಾತ್ರಿ ಒಂಬತ್ತಕ್ಕೆ ಮಲಗಿ ನಾಲ್ಕಕ್ಕೆ ಎದ್ದರೆ ಏಳು ಗಂಟೆಯಾಯಿತು. ಏಳು ಗಂಟೆಯೂ ಹಾಕಿಕೊಳ್ಳೋಣ.

ಯಂತ್ರ ಹಾಕಿಕೊಂಡು ಒಂದು ತಿಂಗಳಿಗೆ ನನ್ನ ಬೆಳಗಿನ ತಲೆನೋವು ಹೋಯಿತು. ರಾತ್ರಿ ಏಳುವುದು ಒಂದು ಸಲಕ್ಕೆ ಇಳಿಯಿತು. ರಕ್ತದೊತ್ತಡ ಹತೋಟಿಗೆ ಬಂತು, ವೈದ್ಯರು ಒಂದು ಮಾತ್ರೆ ಕಡಿಮೆ ಮಾಡಿದರು. ಇವೆಲ್ಲ ನನ್ನ ಲಾಭ. ಆದರೆ ದೊಡ್ಡ ಲಾಭ ಬೇರೆಯೇ ಇದೆ. ಮೂರನೆಯ ವಾರ ಒಂದು ಬೆಳಗಿನ ಜಾವ ನಾನು ನಾಲ್ಕಕ್ಕೆ ಎದ್ದೆ. ಪ್ರತಿದಿನ ನನಗಿಂತ ಮೊದಲು ಎದ್ದಿರುತ್ತಿದ್ದ ನನ್ನ ಮನೆಯಾಕೆ ಇನ್ನೂ ಮಲಗಿದ್ದಳು. ಏನಾಯಿತೋ ಎಂದು ಗಾಬರಿಯಿಂದ ಹತ್ತಿರ ಹೋಗಿ ನೋಡಿದೆ. ಏನೂ ಆಗಿರಲಿಲ್ಲ. ನಿದ್ದೆ ಮಾಡುತ್ತಿದ್ದಳು. ಎಬ್ಬಿಸಲಿಲ್ಲ. ಆವತ್ತು ಎಮ್ಮೆ, ಹಸು ಐದನ್ನೂ ನಾನೊಬ್ಬನೇ ಕರೆದೆ.

ನಿಮ್ಮ ಮನೆಗಳಲ್ಲಿಯೂ ಯಾರೋ ಒಬ್ಬರು ರಾತ್ರಿ ಎಚ್ಚರವಿದ್ದು ಬೆರಳು ಮಡಚಿ ಎಣಿಸುತ್ತಿರಬಹುದು. ಇವತ್ತು ಮನೆಗೆ ಹೋಗಿ ಅವರನ್ನು ಒಂದು ಮಾತು ಕೇಳಿ. ಅವರು ಹೇಳಿದ್ದನ್ನು ನಗದೆ ಕೇಳಿಸಿಕೊಳ್ಳಿ.